ಪ್ರಸಿದ್ಧ ವ್ಯಕ್ತಿಗಳಿಗೆ ಕಾನೂನಿನ ಮುಂದೆ ಬೇರೆ ಅಳತೆ ಇರಬೇಕೆ?

ಪ್ರಶ್ನೆ — ದಾವಣಗೆರೆಯ ಉಪನ್ಯಾಸಕಿ

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಕಳೆದ ವಾರ ಸಂವಿಧಾನದ 14ನೇ ವಿಧಿಯ ಪಾಠ ನಡೆಯುತ್ತಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಇದನ್ನು ಪರೀಕ್ಷೆಗಾಗಿ ಬರೆದುಕೊಳ್ಳಬೇಕೋ, ನಂಬಲೂಬೇಕೋ?" ಎಂದು ಕೇಳಿದಳು. ಅವಳು ಅಧಿಕಪ್ರಸಂಗ ಮಾಡುತ್ತಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ಒಳಗೆ ನಟ ದರ್ಶನ್ ಅವರು ಸಹಬಂಧಿಗಳೊಡನೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಛಾಯಾಚಿತ್ರವನ್ನು ಅವಳೂ ನೋಡಿದ್ದಾಳೆ, ಅವಳ ಮನೆಯವರೂ ನೋಡಿದ್ದಾರೆ. ಅದಕ್ಕೂ ಎರಡು ತಿಂಗಳ ಹಿಂದೆ, ಅವರನ್ನು ವಿಚಾರಣೆಗೆ ಒಳಪಡಿಸಿದ್ದ ಪೊಲೀಸ್ ಠಾಣೆಗೆ ಶಾಮಿಯಾನದ ಮರೆ ಕಟ್ಟಿದ್ದನ್ನೂ ಎಲ್ಲರೂ ದೂರದರ್ಶನದಲ್ಲಿ ಕಂಡಿದ್ದರು. ದರ್ಶನ್ ಅವರ ಮೇಲಿರುವ ಕೊಲೆ ಪ್ರಕರಣದ ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು, ಅದರ ಬಗ್ಗೆ ನಾನಿಲ್ಲಿ ಏನೂ ಹೇಳುವುದಿಲ್ಲ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ.

"ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ" ಎಂಬ ಗಾದೆಯನ್ನು ನಾವು ಬೇಸರದಿಂದ ಹೇಳುತ್ತೇವೆ, ಹೇಳಿ ಅಲ್ಲಿಗೇ ಸುಮ್ಮನಾಗುತ್ತೇವೆ. ಆದರೆ ಪಾಠ ಮಾಡುವವಳಿಗೆ ಬೇಸರದ ಉತ್ತರ ಸಾಲದು. ಪ್ರಸಿದ್ಧ ವ್ಯಕ್ತಿಗೆ ಸಿಗುವ ಯಾವ ಅನುಕೂಲವನ್ನು ಕಾನೂನೇ ಒಪ್ಪಿಕೊಂಡಿದೆ, ಯಾವುದು ಕಾನೂನಿನ ಕಣ್ಣು ತಪ್ಪಿಸಿ ನಡೆಯುತ್ತದೆ? ಜನಸಂದಣಿಯ ಭಯದಿಂದ ಕಾರಾಗೃಹದ ಪಕ್ಕದಲ್ಲೇ ನ್ಯಾಯಾಲಯ ನಡೆಸಿದರೆ ಅದು ಸವಲತ್ತೋ, ಅನಿವಾರ್ಯವೋ? ಸಮಾಜ ಅನುಸರಿಸುವ ವ್ಯಕ್ತಿ ತಪ್ಪು ಮಾಡಿದರೆ ಅವನಿಗೆ ಶಿಕ್ಷೆ ಹೆಚ್ಚಾಗಬೇಕು ಎಂಬ ವಾದವೂ ನನ್ನ ಸಹೋದ್ಯೋಗಿಗಳಲ್ಲಿದೆ, ಅದು ಸರಿಯೇ? ಕಾನೂನಿನ ಅನುಭವವುಳ್ಳವರು ದಯವಿಟ್ಟು ಉದಾಹರಣೆಗಳೊಂದಿಗೆ ತಿಳಿಸಬೇಕು. ಮುಂದಿನ ಸೋಮವಾರ ನಾನು ಆ ಹುಡುಗಿಗೆ ಉತ್ತರ ಹೇಳಬೇಕಾಗಿದೆ.

ಉತ್ತರ 1 — ತಾಲ್ಲೂಕು ನ್ಯಾಯಾಲಯದ ವಕೀಲ

ಮೇಡಂ, ಮೊದಲು ಪುಸ್ತಕದಲ್ಲಿ ಬರೆದಿರುವ ವಿನಾಯಿತಿಗಳನ್ನು ಬದಿಗಿಡೋಣ, ಏಕೆಂದರೆ ಅವು ಜನ ಭಾವಿಸಿದಷ್ಟು ಹೆಚ್ಚಿಲ್ಲ. ಸಂವಿಧಾನದ 361ನೇ ವಿಧಿ ರಾಷ್ಟ್ರಪತಿ ಮತ್ತು ರಾಜ್ಯಪಾಲರ ಮೇಲೆ, ಅವರು ಅಧಿಕಾರದಲ್ಲಿರುವಷ್ಟು ಕಾಲ, ಕ್ರಿಮಿನಲ್ ಮೊಕದ್ದಮೆ ನಡೆಯದಂತೆ ತಡೆಯುತ್ತದೆ. ಪ್ರಧಾನಿಗೂ ಮುಖ್ಯಮಂತ್ರಿಗೂ ಆ ರಕ್ಷಣೆಯಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಮಂತ್ರಿಗಳು, ಸಭಾಧ್ಯಕ್ಷರು, ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳು ಮುಂತಾದವರಿಗೆ ಖುದ್ದು ಹಾಜರಾತಿಯಿಂದ ವಿನಾಯಿತಿ ಕೊಡುತ್ತದೆ. ಶಾಸಕರು ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ರಕ್ಷಣೆಯಿದೆ. ಈ ರಕ್ಷಣೆಯ ನೆರಳಿನಲ್ಲಿ ಲಂಚಕ್ಕೂ ಜಾಗ ಸಿಕ್ಕಿತ್ತು: ಮತ ಹಾಕಲು ಲಂಚ ಪಡೆದ ಸಂಸದನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಅಳಿಸಿಹಾಕಿತು. ಈ ಎಲ್ಲ ವಿನಾಯಿತಿಗಳೂ ಹುದ್ದೆಗೆ ಅಂಟಿಕೊಂಡವು. ನಟನಿಗೆ, ಕ್ರಿಕೆಟ್ ಆಟಗಾರನಿಗೆ, ಉದ್ಯಮಿಗೆ ನಮ್ಮ ಯಾವ ಕಾಯ್ದೆಯೂ ಒಂದು ಸಾಲಿನ ರಿಯಾಯಿತಿಯನ್ನೂ ಬರೆದುಕೊಟ್ಟಿಲ್ಲ.

ಹಾಗಾದರೆ ನಾವು ಪ್ರತಿದಿನ ಕಾಣುವ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇಪ್ಪತ್ತೈದು ವರ್ಷ ವಕೀಲಿಕೆ ಮಾಡಿದ ನನ್ನ ಉತ್ತರ ಒಂದೇ: ಕಾಲದಿಂದ ಬರುತ್ತದೆ. ಕಾನೂನಿನ ಅಕ್ಷರ ಎಲ್ಲರಿಗೂ ಒಂದೇ ಆಗಿರುವಾಗಲೂ, ಅದನ್ನು ತನಗೆ ಬೇಕಾದಾಗ ನಿಧಾನವಾಗಿ, ಬೇಕಾದಾಗ ವೇಗವಾಗಿ ಓಡಿಸುವ ಶಕ್ತಿ ಕೆಲವರಿಗೆ ಮಾತ್ರ ಇರುತ್ತದೆ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಗಿಂತ ಒಳ್ಳೆಯ ಪಾಠ ನಿಮ್ಮ ವಿದ್ಯಾರ್ಥಿಗಳಿಗೆ ಸಿಗಲಾರದು.

1991ರಿಂದ 1996ರವರೆಗೆ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗ ಅವರು ತಿಂಗಳಿಗೆ ಒಂದು ರೂಪಾಯಿ ಸಂಬಳ ಪಡೆಯುತ್ತಿದ್ದರು. ಆ ಅವಧಿಯಲ್ಲಿ ಸುಮಾರು 66 ಕೋಟಿ ರೂಪಾಯಿಯ ಲೆಕ್ಕಕ್ಕೆ ಸಿಗದ ಆಸ್ತಿ ಸೇರಿತು ಎಂಬುದು ಆರೋಪವಾಗಿತ್ತು. ಮೊಕದ್ದಮೆ ಚೆನ್ನೈಯಲ್ಲಿ ನಡೆಯುತ್ತಿರುವಾಗಲೇ 2001ರಲ್ಲಿ ಅವರ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು. ಆಮೇಲೆ ನಡೆದದ್ದನ್ನು ಗಮನಿಸಿ. ಅದಾಗಲೇ ಸಾಕ್ಷಿ ಹೇಳಿ ಮುಗಿಸಿದ್ದ 76 ಮಂದಿಯನ್ನು ಪಾಟೀ ಸವಾಲಿಗಾಗಿ ಮತ್ತೆ ಕರೆಸಲಾಯಿತು, ಅವರಲ್ಲಿ 64 ಮಂದಿ ತಮ್ಮ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಸಾಕ್ಷಿ ತಿರುಗಿದಾಗ ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುವಂತೆ ಕೋರಿ ತಾವೇ ಪ್ರಶ್ನಿಸುವುದು ಸರ್ಕಾರಿ ಅಭಿಯೋಜಕರ ಮೊದಲ ಕೆಲಸ, ಅಲ್ಲಿ ಅದನ್ನೂ ಮಾಡಲಿಲ್ಲ. ಆರೋಪಿಯೇ ಸರ್ಕಾರದ ಮುಖ್ಯಸ್ಥೆಯಾಗಿರುವಲ್ಲಿ ಸರ್ಕಾರದ ವಕೀಲ ಆರೋಪಿಯ ವಿರುದ್ಧ ವಾದಿಸುವುದೆಂತು? ದ್ರಾವಿಡ ಮುನ್ನೇತ್ರ ಕಳಗದ ಅನ್ಬಳಗನ್ ಅವರು ಸಲ್ಲಿಸಿದ ಅರ್ಜಿಯ ಮೇಲೆ 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಬಿ.ವಿ. ಆಚಾರ್ಯ ಅವರು ವಿಶೇಷ ಅಭಿಯೋಜಕರಾಗಿ ಬಂದರು.

ಇಲ್ಲಿಗೆ ಬಂದ ಮೇಲೂ ತೀರ್ಪಿಗೆ ಹನ್ನೊಂದು ವರ್ಷ ಬೇಕಾಯಿತು. ದಾಖಲೆಗಳ ಅನುವಾದ ಸರಿಯಿಲ್ಲ ಎಂಬ ಅರ್ಜಿ, ಹಾಜರಾತಿಯಿಂದ ವಿನಾಯಿತಿ ಕೋರಿದ ಅರ್ಜಿ, ಅಭಿಯೋಜಕರ ನೇಮಕವನ್ನೇ ಪ್ರಶ್ನಿಸಿದ ಅರ್ಜಿ. ಪ್ರತಿಯೊಂದೂ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬರುತ್ತಿತ್ತು. ಅರ್ಜಿ ಹಾಕುವುದು ಪ್ರತಿಯೊಬ್ಬ ಆರೋಪಿಯ ಹಕ್ಕು, ಅದನ್ನು ತಪ್ಪೆನ್ನುವ ವಕೀಲ ನಾನಲ್ಲ. ಆದರೆ ನನ್ನ ಕಕ್ಷಿದಾರನೊಬ್ಬ ಒಂದು ಮಧ್ಯಂತರ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಬೇಕಾದರೆ ಎರಡು ಎಮ್ಮೆ ಮಾರಬೇಕು. ಹಕ್ಕು ಇಬ್ಬರಿಗೂ ಇದೆ, ಬಳಸುವ ಬಲ ಒಬ್ಬರಿಗಿದೆ.

2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹ ಅವರು ಪರಪ್ಪನ ಅಗ್ರಹಾರದಲ್ಲಿ ತೀರ್ಪು ನೀಡಿ ನಾಲ್ಕು ವರ್ಷ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದರು. ಅದುವರೆಗೆ ಆಮೆಯಂತೆ ನಡೆದ ಕಾಲ ಅಲ್ಲಿಂದ ಕುದುರೆಯಾಯಿತು. ಮೂರು ವಾರಗಳಲ್ಲಿ ಸುಪ್ರೀಂ ಕೋರ್ಟ್ ಜಾಮೀನು ನೀಡಿತು. ಡಿಸೆಂಬರ್‌ನಲ್ಲಿ, ಮೇಲ್ಮನವಿಗಾಗಿ ವಿಶೇಷ ಪೀಠ ರಚಿಸಿ, ದಿನನಿತ್ಯ ವಿಚಾರಣೆ ನಡೆಸಿ, ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕರ್ನಾಟಕ ಹೈಕೋರ್ಟಿಗೆ ಸೂಚಿಸಿತು. ಶಿಕ್ಷೆಗೊಳಗಾಗಿ ಒಳಗಿರುವ ಸಾಮಾನ್ಯ ಸಜಾಬಂಧಿಯ ಮೇಲ್ಮನವಿ ಎಷ್ಟು ವರ್ಷ ಕಪಾಟಿನಲ್ಲಿ ಮಲಗಿರುತ್ತದೆ ಎಂಬುದನ್ನು ಬಲ್ಲವನಿಗೆ ಈ ಆದೇಶ ಓದುವಾಗ ಎದೆ ಚುರುಕ್ಕೆನ್ನುತ್ತದೆ. 2015ರ ಮೇ 11ರಂದು ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇಕಡ 8.12 ಮಾತ್ರ, ಶೇಕಡ 10ರೊಳಗಿದ್ದರೆ ಮನ್ನಿಸಬಹುದು ಎಂಬುದು ಅಲ್ಲಿನ ಲೆಕ್ಕ. ಆದರೆ ಆ ತೀರ್ಪಿನಲ್ಲಿದ್ದ ಸಾಲಗಳ ಪಟ್ಟಿಯನ್ನು ಕೂಡಿದರೆ ಸುಮಾರು 10.67 ಕೋಟಿ ಬರುತ್ತದೆ, ಮೊತ್ತವೆಂದು ಬರೆದದ್ದು 24.17 ಕೋಟಿ. ಕೂಡಿಕೆಯನ್ನು ಸರಿಪಡಿಸಿದರೆ ಶೇಕಡ 8 ಹೋಗಿ ಶೇಕಡ 76 ದಾಟುತ್ತದೆ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದಾಗ ಮೊದಲ ಆರೋಪಿಯಾದ ಜಯಲಲಿತಾ ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ಶಶಿಕಲಾ ಸೇರಿದಂತೆ ಉಳಿದ ಮೂವರು ಆರೋಪಿಗಳು ಮರುದಿನ ಬೆಂಗಳೂರಿಗೆ ಬಂದು ಶರಣಾದರು.

ಕಾರಾಗೃಹದ ಬಳಿಯ ನ್ಯಾಯಾಲಯದ ಬಗ್ಗೆ ಕೇಳಿದ್ದೀರಿ. ಅದನ್ನು ನಾನು ಸವಲತ್ತೆಂದು ಎಣಿಸುವುದಿಲ್ಲ. ಸಾವಿರಾರು ಬೆಂಬಲಿಗರು ನಗರದ ಮಧ್ಯದ ನ್ಯಾಯಾಲಯಕ್ಕೆ ಮುತ್ತಿಗೆ ಹಾಕಿದರೆ ಅಂದು ವಾಯಿದೆಗೆ ಬಂದ ನೂರಾರು ಬಡ ಕಕ್ಷಿದಾರರ ಕೆಲಸ ಕೆಡುತ್ತದೆ. ಅದೇ ಸಮುಚ್ಚಯದಲ್ಲಿ 2011ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ, ಮತ್ತೆ ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಜಯಲಲಿತಾ ಅವರೇ ಖುದ್ದಾಗಿ ಹಾಜರಾಗಿ ನ್ಯಾಯಾಧೀಶರ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಇದನ್ನೂ ನಿಮ್ಮ ವಿದ್ಯಾರ್ಥಿನಿಗೆ ತಪ್ಪದೆ ಹೇಳಿ. ಜೊತೆಗೆ ಇನ್ನೊಂದು ಸಂಗತಿ: ಶಿಕ್ಷೆಗೊಳಗಾದ ಶಾಸಕರಿಗೆ ಮೇಲ್ಮನವಿಯ ನೆಪದಲ್ಲಿ ಸ್ಥಾನ ಉಳಿಸಿಕೊಳ್ಳಲು ಅವಕಾಶ ಕೊಡುತ್ತಿದ್ದ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8(4)ನೇ ಉಪಕಲಮನ್ನು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತ್ತು. ಅದರ ಫಲವಾಗಿ, ತೀರ್ಪು ಬಂದ ದಿನವೇ ಜಯಲಲಿತಾ ಅವರ ಶಾಸಕ ಸ್ಥಾನವೂ ಮುಖ್ಯಮಂತ್ರಿ ಪದವಿಯೂ ಹೋದವು. ಆದ್ದರಿಂದ 14ನೇ ವಿಧಿಯನ್ನು ಸುಳ್ಳೆನ್ನಲಾಗದು. ಅದು ತಡವಾಗಿ ಬರುತ್ತದೆ, ಆ ತಡವನ್ನು ಕೊಳ್ಳಬಲ್ಲವರು ಕೊಳ್ಳುತ್ತಾರೆ.

ಉತ್ತರ 2 — ಕಾರಾಗೃಹ ಇಲಾಖೆಯ ನಿವೃತ್ತ ಸಿಬ್ಬಂದಿ

ವಕೀಲರು ಹೊರಗಿನ ಕಾಲದ ಬಗ್ಗೆ ಬರೆದರು. ಒಳಗಿನದನ್ನು ನಾನು ಹೇಳುತ್ತೇನೆ. ನಾನು ಕೆಲಸ ಮಾಡಿದ ಊರನ್ನೂ ಜೈಲನ್ನೂ ಹೆಸರಿಸುವುದಿಲ್ಲ.

ಹೆಸರುವಾಸಿ ವ್ಯಕ್ತಿ ಬಂಧಿಯಾಗಿ ಬಂದರೆ ಅವನನ್ನು ಸಾಮಾನ್ಯ ಬ್ಯಾರಕ್‌ನಲ್ಲಿ ಬಿಡುವುದು ಸಾಧ್ಯವಾಗದು. ಅವನ ಮೇಲೆ ಕೈಮಾಡಿ ಹೆಸರು ಗಳಿಸಬೇಕೆನ್ನುವವರೂ ಇರುತ್ತಾರೆ, ಅವನ ಕೃಪೆ ಗಿಟ್ಟಿಸಬೇಕೆನ್ನುವವರೂ ಇರುತ್ತಾರೆ. ಪ್ರತ್ಯೇಕ ಕೊಠಡಿ, ಹೆಚ್ಚುವರಿ ಪಹರೆ, ಬೇರೆ ವೇಳೆಯಲ್ಲಿ ಸಂದರ್ಶನ, ಇಷ್ಟನ್ನು ಭದ್ರತೆಯ ಲೆಕ್ಕದಲ್ಲಿ ಸಮರ್ಥಿಸಬಹುದು. ಆದರೆ ಪ್ರತ್ಯೇಕ ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ಅಲ್ಲಿಗೆ ದಿಂಬು ಬರುತ್ತದೆ, ಆಮೇಲೆ ಒಲೆ ಬರುತ್ತದೆ, ಕೊನೆಗೆ ಮೊಬೈಲ್ ಬರುತ್ತದೆ. ಭದ್ರತೆಯ ಹೆಸರಿನಲ್ಲಿ ತೆರೆದ ಬಾಗಿಲಿನಿಂದಲೇ ಸವಲತ್ತು ಒಳಗೆ ಕಾಲಿಡುತ್ತದೆ. ಇದನ್ನು ತಡೆಯುವುದು ಕೆಳಗಿನ ವಾರ್ಡರ್‌ನ ಕೈಯಲ್ಲಿಲ್ಲ. ಮೇಲಿನಿಂದ ಬಾಯಿಮಾತಿನ ಆದೇಶ ಬರುತ್ತದೆ, ಕಾಗದದಲ್ಲಿ ಏನೂ ಇರುವುದಿಲ್ಲ. ಪತ್ರಿಕೆಯಲ್ಲಿ ಚಿತ್ರ ಬಂದ ದಿನ ಅಮಾನತ್ತಿನ ಆದೇಶ ಮಾತ್ರ ಕಾಗದದಲ್ಲೇ ಬರುತ್ತದೆ. ನನ್ನ ಜೊತೆಗಾರನೊಬ್ಬ ಹೀಗೆ ಅಮಾನತ್ತಾಗಿ, ಮಗಳ ಮದುವೆಯ ವರ್ಷವನ್ನು ಅರ್ಧ ಸಂಬಳದಲ್ಲಿ ಕಳೆದ. ಅವನಿಗೆ ಬಾಯಿಮಾತಿನಲ್ಲಿ ಹೇಳಿದವರ ಹೆಸರು ಯಾವ ಕಡತದಲ್ಲೂ ಬರಲಿಲ್ಲ.

ವಕೀಲರು ಹೇಳಿದ ಮೊಕದ್ದಮೆಯದೇ ಮುಂದಿನ ಭಾಗವನ್ನು ನೋಡಿ. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಅವರು, ಪರಪ್ಪನ ಅಗ್ರಹಾರದಲ್ಲಿ ಶಶಿಕಲಾ ಅವರಿಗೆ ಅಡುಗೆಮನೆ ಸೇರಿದಂತೆ ವಿಶೇಷ ವ್ಯವಸ್ಥೆಯಿದೆ ಎಂದು ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರನ್ನು ಸಂಚಾರ ವಿಭಾಗಕ್ಕೆ ವರ್ಗಾಯಿಸಲಾಯಿತು. ಸರ್ಕಾರ ನೇಮಿಸಿದ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣೆಯೂ ವಿಶೇಷ ಸೌಲಭ್ಯ ನೀಡಿದ್ದು ನಿಜವೆಂದೇ ಹೇಳಿತು. ಅಲ್ಲಿಂದ ಏಳು ವರ್ಷದ ಮೇಲೆ ಅದೇ ಆವರಣದಿಂದ ಕುರ್ಚಿಯ ಚಿತ್ರ ಹೊರಬಂತು. ವರದಿ ಬಂದರೂ ಬಾಗಿಲು ಹಾಗೆಯೇ ತೆರೆದಿತ್ತು ಎಂದಾಯಿತು.

2025ರ ಆಗಸ್ಟ್ 14ರಂದು ದರ್ಶನ್ ಅವರ ಜಾಮೀನು ರದ್ದುಗೊಳಿಸಿದ ಸುಪ್ರೀಂ ಕೋರ್ಟ್, ಜೈಲಿನಲ್ಲಿ ಪಂಚತಾರಾ ಉಪಚಾರ ನಡೆದದ್ದು ಗಮನಕ್ಕೆ ಬಂದರೆ ಮೊದಲು ಅಧೀಕ್ಷಕರನ್ನೇ ಅಮಾನತ್ತಿನಲ್ಲಿ ಇಡಬೇಕಾಗುತ್ತದೆ ಎಂದು ಎಚ್ಚರಿಸಿತು. ನಲವತ್ತು ವರ್ಷದಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ. ಹೊಣೆಯನ್ನು ಮೆಟ್ಟಿಲಿನ ಕೆಳಗಿನಿಂದ ಎತ್ತಿ ಮೇಲಿಟ್ಟ ಮಾತು ಅದು.

ಉತ್ತರ 3 — ಪತ್ರಿಕೋದ್ಯಮ ಬಿಟ್ಟವನು

ಮೇಲಿನ ಇಬ್ಬರನ್ನೂ ಒಪ್ಪುತ್ತೇನೆ. ಆದರೆ ಉಪನ್ಯಾಸಕಿಯವರ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ: ಪ್ರಸಿದ್ಧರಿಗೆ ಶಿಕ್ಷೆ ಹೆಚ್ಚಾಗಬೇಕೆ? ಅದೇ ಆಗಸ್ಟ್ ತೀರ್ಪಿನಲ್ಲಿ, ಜನಪ್ರಿಯತೆ ಯಾರನ್ನೂ ಕಾನೂನಿಗಿಂತ ಮೇಲೆ ಇಡುವುದಿಲ್ಲ, ಸಮಾಜಕ್ಕೆ ಮಾದರಿಯಾಗಿರುವವರ ಹೊಣೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂಬ ಅರ್ಥದ ಮಾತಿದೆ. ಜಾಮೀನಿನ ಪ್ರಶ್ನೆಯಲ್ಲಿ ಈ ಮಾತಿಗೆ ಆಧಾರವಿದೆ, ಏಕೆಂದರೆ ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಶಕ್ತಿಯನ್ನು ಅಳೆಯುವಾಗ ಪ್ರಸಿದ್ಧಿಯೂ ಹಣವೂ ಲೆಕ್ಕಕ್ಕೆ ಬರಲೇಬೇಕು. ವಕೀಲರು ಹೇಳಿದ 64 ಸಾಕ್ಷಿಗಳನ್ನು ನೆನೆದರೆ ಸಾಕು. ಆದರೆ ಶಿಕ್ಷೆಯ ಪ್ರಮಾಣಕ್ಕೂ ಅದನ್ನೇ ವಿಸ್ತರಿಸಿದರೆ ನಾನು ಒಪ್ಪಲಾರೆ. ಹುದ್ದೆಯ ಅಧಿಕಾರ ಬಳಸಿ ಅಪರಾಧ ಮಾಡಿದವನಿಗೆ ಹೆಚ್ಚು ಶಿಕ್ಷೆಯಾಗಲಿ, ಏಕೆಂದರೆ ಅವನ ಕೃತ್ಯದಲ್ಲೇ ನಂಬಿಕೆದ್ರೋಹ ಸೇರಿಕೊಂಡಿದೆ. ನಟನೊಬ್ಬ ಮಾಡಿದ ಹಲ್ಲೆಗೂ ಚಾಲಕನೊಬ್ಬ ಮಾಡಿದ ಹಲ್ಲೆಗೂ ಗಾಯ ಒಂದೇ ಆಗಿರುವಾಗ, ಒಬ್ಬನ ಮುಖವನ್ನು ಲಕ್ಷ ಜನ ಗುರುತಿಸುತ್ತಾರೆ ಎಂಬ ಕಾರಣಕ್ಕೆ ಅವನನ್ನು ಎರಡು ವರ್ಷ ಹೆಚ್ಚು ಒಳಗಿಡುವುದು ಕೂಡ ಮುಖ ನೋಡಿ ಮಣೆ ಹಾಕುವುದೇ. ಮಣೆಯ ಬದಲು ಮುಳ್ಳು ಹಾಕಿದ್ದೇವೆ, ಅಷ್ಟೇ.

ನಾನು ಸುದ್ದಿಮನೆಯಲ್ಲಿದ್ದಾಗ ಇಂಥ ಪ್ರಕರಣಗಳಲ್ಲಿ ಆರೋಪಿಯ ಊಟ, ನಿದ್ದೆ, ಹಾಸಿಗೆಗಳ ಬಗ್ಗೆ ದಿನವಿಡೀ ಸುದ್ದಿ ಕೊಟ್ಟಿದ್ದೇನೆ. ಅದಕ್ಕಾಗಿ ಇಂದಿಗೂ ಪಶ್ಚಾತ್ತಾಪವಿದೆ. ಹಾಸಿಗೆಯಾಗಲಿ, ಔಷಧಿಯಾಗಲಿ, ಶುಚಿಯಾದ ಊಟವಾಗಲಿ ವಿಚಾರಣಾಧೀನ ಬಂಧಿಗೆ ಸಿಗಬೇಕಾದದ್ದೇ. ಪ್ರಸಿದ್ಧನೊಬ್ಬನಿಗೆ ಅದು ಸಿಕ್ಕಾಗ ನಾವು ಸಿಟ್ಟಾಗುತ್ತೇವೆ, ಉಳಿದವರಿಗೆ ಸಿಗದಿರುವುದು ನಮಗೆ ಸುದ್ದಿಯೆನಿಸುವುದಿಲ್ಲ.

ಉತ್ತರ 4 — ಹಾವೇರಿ ಜಿಲ್ಲೆಯ ಓದುಗ

ನಾನು ಕಾನೂನು ಓದಿದವನಲ್ಲ, ಕೃಷಿಕ. ನನ್ನ ಚಿಕ್ಕಪ್ಪನ ಮಗ ಕಳ್ಳತನದ ಆರೋಪದಲ್ಲಿ ಹದಿನಾಲ್ಕು ತಿಂಗಳು ವಿಚಾರಣಾಧೀನ ಬಂಧಿಯಾಗಿದ್ದ. ಜಾಮೀನು ಎರಡನೇ ತಿಂಗಳಲ್ಲೇ ಮಂಜೂರಾಗಿತ್ತು. ಆದರೆ ಪಹಣಿ ತಂದು ನಿಲ್ಲುವ ಇಬ್ಬರು ಜಾಮೀನುದಾರರು ಸಿಗಲಿಲ್ಲ. ನಮ್ಮ ಮನೆತನದ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ವಾಟ್ನಿ, ಅಂದರೆ ಪಾಲು, ಆಗಿಲ್ಲ, ಊರಿನವರು ಕಳ್ಳತನದ ಮೊಕದ್ದಮೆ ಎಂದು ಹಿಂದೆ ಸರಿದರು. ಕೊನೆಗೆ ಅವನ ಮೇಲಿನ ಆರೋಪ ಸಾಬೀತಾಗದೆ ಬಿಡುಗಡೆಯಾಯಿತು. ಹದಿನಾಲ್ಕು ತಿಂಗಳನ್ನು ಯಾರು ಮರಳಿಸುತ್ತಾರೆ?

2020ರ ನವೆಂಬರ್‌ನಲ್ಲಿ ಪ್ರಸಿದ್ಧ ಸುದ್ದಿವಾಚಕ ಅರ್ನಬ್ ಗೋಸ್ವಾಮಿ ಅವರು ಬಂಧಿತರಾದ ಒಂದೇ ವಾರದಲ್ಲಿ ಸುಪ್ರೀಂ ಕೋರ್ಟ್‌ನಿಂದ ಬಿಡುಗಡೆ ಪಡೆದರು. ಆ ತೀರ್ಪಿನಲ್ಲಿ, ಒಂದೇ ಒಂದು ದಿನ ಸ್ವಾತಂತ್ರ್ಯ ಕಳೆದುಕೊಂಡರೂ ಅದು ಅತಿಯಾಯಿತು ಎಂಬ ಮಾತಿದೆ. ನನಗೆ ಅವರು ಬಿಡುಗಡೆಯಾದುದಕ್ಕೆ ಸಂಕಟವಿಲ್ಲ. ಆ ಮಾತು ತುಂಬ ದೊಡ್ಡ ಮಾತು, ಅದು ನಮ್ಮ ಹುಡುಗನವರೆಗೆ ಬರಲಿಲ್ಲವಲ್ಲ ಎಂಬುದೇ ಸಂಕಟ.

ಉತ್ತರ 5 — ತಾಲ್ಲೂಕು ನ್ಯಾಯಾಲಯದ ವಕೀಲ

ಹಾವೇರಿಯ ಸಹೋದರರೆ, ನಿಮ್ಮ ಚಿಕ್ಕಪ್ಪನ ಮಗನಂಥವರೇ ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚು. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ ಸುಮಾರು 5.73 ಲಕ್ಷ ಬಂಧಿಗಳಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಅವನನ್ನು ಬಿಡುಗಡೆ ಮಾಡಬೇಕೆಂದು ಹೇಳುತ್ತದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ, ಬೇರೆ ಮೊಕದ್ದಮೆಗಳು ಬಾಕಿಯಿದ್ದರೂ ತೊಡಕಾಗುತ್ತದೆ. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ತಿಳಿಸುವ ಹೊಣೆ ಜೈಲು ಅಧೀಕ್ಷಕರದು. ನಿಮ್ಮ ಊರಿನಲ್ಲಿ ಇಂಥವರು ಯಾರಾದರೂ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆಯಿರಿ. ಅಲ್ಲಿ ವಕೀಲರ ಶುಲ್ಕ ಕೇಳುವುದಿಲ್ಲ.

ಉಪನ್ಯಾಸಕಿ — ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರದ ತರಗತಿಗೆ ನಾನು ಹೀಗೆ ಯೋಚಿಸಿದ್ದೇನೆ. ಹಲಗೆಯ ಒಂದು ಬದಿಯಲ್ಲಿ ಪರಪ್ಪನ ಅಗ್ರಹಾರದ ಮೊಕದ್ದಮೆಯ ದಿನಾಂಕಗಳನ್ನು ಬರೆಯುತ್ತೇನೆ: 2003, 2011, 2014, 2015, 2017. ಇನ್ನೊಂದು ಬದಿಯಲ್ಲಿ, ಇ-ಕೋರ್ಟ್ಸ್ ಜಾಲತಾಣದಿಂದ ನಮ್ಮ ಜಿಲ್ಲೆಯ ಹಳೆಯ ಮೊಕದ್ದಮೆಯೊಂದರ ದಿನಾಂಕಗಳನ್ನು ವಿದ್ಯಾರ್ಥಿಗಳೇ ಹುಡುಕಿ ಬರೆಯಬೇಕು. ಎರಡರಲ್ಲೂ ತಡವಾಗಿರುತ್ತದೆ. ಯಾವ ತಡವನ್ನು ಆರೋಪಿ ಕೇಳಿ ಪಡೆದ, ಯಾವ ತಡ ಅವನ ತಲೆಯ ಮೇಲೆ ಬಿತ್ತು ಎಂದು ಅವರೇ ಗುರುತು ಹಾಕಲಿ. ವಕೀಲರೆ, ಹದಿನೇಳರ ಮಕ್ಕಳಿಗೆ ಇದು ಸಾಧ್ಯವೇ?

ತಾಲ್ಲೂಕು ನ್ಯಾಯಾಲಯದ ವಕೀಲ

ಖಂಡಿತ ಸಾಧ್ಯ. ಕಕ್ಷಿದಾರರ ಹೆಸರನ್ನು ಅಳಿಸಿ ಸಂಖ್ಯೆ ಮಾತ್ರ ಉಳಿಸಿಕೊಳ್ಳಿ. ಪ್ರತಿ ವಾಯಿದೆಯ ದಿನಾಂಕವನ್ನು ಒತ್ತಿದರೆ ಅಂದು ಏನು ನಡೆಯಿತೆಂಬ ಒಂದೆರಡು ಸಾಲು ತೆರೆದುಕೊಳ್ಳುತ್ತದೆ. ಸಾಕ್ಷಿ ಗೈರು, ಆರೋಪಿಯನ್ನು ಜೈಲಿನಿಂದ ಕರೆತಂದಿಲ್ಲ, ನ್ಯಾಯಾಧೀಶರು ರಜೆ ಎಂಬ ಸಾಲುಗಳೇ ಹೆಚ್ಚು ಕಾಣುತ್ತವೆ. "ಆರೋಪಿಯನ್ನು ಕರೆತಂದಿಲ್ಲ" ಎಂಬುದು ಎಷ್ಟು ಬಾರಿ ಬಂದಿದೆ ಎಂದು ಆ ಹಿಂದಿನ ಬೆಂಚಿನ ಹುಡುಗಿಯ ಕೈಯಲ್ಲೇ ಎಣಿಸಿ.